ನೀರು ಕುಡಿಯುವ ಗಾಲಿ

ಗೊರೇಬಾಳದ ಹತ್ತಿರ ಅಮರಗುಂಡಪ್ಪನ ಕಾರು ಜಾರಿದ್ದೇ ಎಲ್ಲಕ್ಕೂ ಮೂಲ. ಜಾರಿದ್ದಕ್ಕಿಂತ ಹೆಚ್ಚಾಗಿ, ಜಾರುವಾಗ ಮುಂದಿನ ಸೀಟಿನಲ್ಲಿ ಬೀಗರು ಕೂತಿದ್ದದ್ದು ಮೂಲ ಎನ್ನಬೇಕು.

ಕಾಲುವೆಗೆ ನೀರು ಬಿಟ್ಟು ಗದ್ದೆ ಹದ ಮಾಡುವ ದಿನಗಳವು. ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರುಗಳು ಕಬ್ಬಿಣದ ಚಕ್ರಕ್ಕೆ ಮೆತ್ತಿದ್ದ ಎರೆಮಣ್ಣನ್ನೆಲ್ಲ ಡಾಂಬರು ರಸ್ತೆಗೆ ದಾನ ಮಾಡಿ ಹೋಗಿದ್ದವು. ಅದರ ಮೇಲೆ ತುಂತುರು ಮಳೆ ಬೇರೆ ಬಿದ್ದಿತ್ತು. ಎದುರಿಗೆ ಎಮ್ಮೆಯೊಂದು ಅಡ್ಡ ಬಂತೆಂದು ಅಮರಗುಂಡಪ್ಪ ಬ್ರೇಕು ಒತ್ತಿದ. ಕಾರು ನಿಲ್ಲಲಿಲ್ಲ. ನಿಧಾನವಾಗಿ ಅರ್ಧ ಸುತ್ತು ತಿರುಗಿ, ಬಂದ ದಾರಿಗೆ ಮುಖ ಮಾಡಿಕೊಂಡು ನಿಂತಿತು. ಎಮ್ಮೆ ಅಲುಗಲೂ ಇಲ್ಲ. ಹೊಲ ನೋಡಲೆಂದು ಲಿಂಗಸುಗೂರಿನಿಂದ ಬಂದಿದ್ದ ಬೀಗ ಸಿದ್ದರಾಮಪ್ಪನವರು ಧೋತರ ಸರಿಪಡಿಸಿಕೊಂಡು ಶಾಂತವಾಗಿ ಕೇಳಿದರು:

“ಬೀಗರ, ಹೊಲಾ ತೋರಸದಂಗ ವಾಪಸ್ ಹೊಂಟ್ರೆಲ್ರೀ?”

ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಅಮರಗುಂಡಪ್ಪನಿಗೆ ಯಾರು ಏನೇ ಬೈದರೂ ತಿರುಗಿ ಬೈಯುವುದು ಗೊತ್ತಿತ್ತು. ಶಾಂತವಾಗಿ ಕೇಳಿದ ಮಾತಿಗೆ ಏನು ಮಾಡಬೇಕೋ ಗೊತ್ತಿರಲಿಲ್ಲ. ಆ ಸಿಟ್ಟು ಅಂದಿನಿಂದ ಹಾಗೇ ಉಳಿದಿತ್ತು.

ಹದಿನೈದು ದಿನವಾದ ಮೇಲೆ, ನಾಗರ ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಏಳು ಗಂಟೆಗೆ ಬೀಗರ ಫೋನು ಬಂತು. ಮಗಳು ಮಹೇಶ್ವರಿಗೆ ಮದುವೆಯಾದ ಮೇಲೆ ಇದು ಮೊದಲ ಪಂಚಮಿ. ತವರಿನವರು ಎಳ್ಳು, ಶೇಂಗಾದ ಉಂಡಿಯ ಡಬ್ಬಿ ಹಿಡಿದು ಹೋಗಿ, ಕುಂಕುಮ ಹಚ್ಚಿ ಮಗಳನ್ನು ಕರೆದುಕೊಂಡು ಬರಬೇಕು. ತನ್ನ ಸ್ವಂತ ಕಾರಿನಲ್ಲೇ ಕರೆತರುತ್ತೇನೆಂದು ಅಮರಗುಂಡಪ್ಪ ಓಣಿಗೆಲ್ಲ ಹೇಳಿಕೊಂಡಿದ್ದ.

“ಬೀಗರ, ಗಾಲಿ ಬದಲ್ಸೀರೇನ್ರಿ?” ಎಂದರು ಸಿದ್ದರಾಮಪ್ಪ.

“ಇನ್ನಾ ಇಲ್ರಿ. ಮಿಲ್ಲಿನ್ಯಾಗ ಭಾಳ ಕೆಲಸ...”

“ಹಂಗಿದ್ರ ನೀವು ಬರೋದು ಬ್ಯಾಡ್ರಿ. ಮಳಿ ಹಿಡದೈತಿ. ನಮ್ಮ ಸೊಸಿನ್ನ ನಾವಾ ನಮ್ಮ ಗಾಡ್ಯಾಗ ತಂದು ಬಿಡ್ತೀವಿ. ನಿಮಗ್ಯಾಕ ತ್ರಾಸು?”

ತವರಿನವರ ಕೈಲಾಗದೆ ಗಂಡನ ಮನೆಯವರೇ ಮಗಳನ್ನು ತಂದು ಇಳಿಸಿ ಹೋದರೆಂದರೆ ಓಣಿಯಲ್ಲಿ ಇನ್ನು ತಲೆ ಎತ್ತುವಂತಿಲ್ಲ. “ಬ್ಯಾಡ್ರಿ ಬ್ಯಾಡ್ರಿ! ಇವತ್ತ ಹೊಸ ಗಾಲಿ ಹಾಕಿಸಿಕೊಂಡ, ಸಂಜಿ ದೀಪ ಹಚ್ಚೋದ್ರಾಗ ಮಗಳನ್ನ ಮನಿ ಮುಟ್ಟಸ್ತೀನಿ,” ಎಂದು ಕೂಗಿ ಫೋನು ಇಟ್ಟ.

ಅಡುಗೆಮನೆಯಿಂದ ಹೆಂಡತಿ ನಾಗವೇಣಿಯ ಧ್ವನಿಯೂ ಬಂತು. “ನಾನೂ ಹೇಳಿಬಿಡ್ತೀನಿ ಕೇಳ್ರಿ. ಆ ಬೋಳು ಗಾಲಿ ಮ್ಯಾಲೆ ನಾ ಜನ್ಮದಾಗ ಕುಂದ್ರಂಗಿಲ್ಲ. ಉಂಡಿ ಡಬ್ಬಿ ನೀವ ತೊಡಿ ಮ್ಯಾಲೆ ಇಟಗೊಂಡ ಹೋಗ್ರಿ.”

ಅವನು ಸಿಟ್ಟಿನಲ್ಲಿ ಹೊರಗೆ ಬಂದರೆ, ಪಕ್ಕದ ಮನೆಯ ಆದಪ್ಪ ಆಗಲೇ ಕಾರಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಎಡಗಾಲಿಗೆ ಒಂದು ರೂಪಾಯಿ ನಾಣ್ಯ ಒತ್ತಿ ನೋಡುತ್ತಿದ್ದ. ಆದಪ್ಪ ರಿಟೈರಾದ ಲೈನ್‌ಮನ್. ಅವನ ಬಳಿಯೂ ಇದೇ ಕಂಪನಿಯ, ಇದೇ ಅಳತೆಯ ಹಳೆಯ ಕಾರಿತ್ತು. ಟೈರುಗಳೆಲ್ಲ ಸೀಳಿಹೋಗಿ ಒಂದು ವರ್ಷದಿಂದ ತಾಡಪಾಲಿನ ಕೆಳಗೆ ಇಟ್ಟಿಗೆಯ ಮೇಲೆ ನಿಂತಿತ್ತು. ದಿನಕ್ಕೊಮ್ಮೆ ಎಂಜಿನ್ ಗುರುಗುಟ್ಟಿಸುವುದು ಬಿಟ್ಟರೆ ಕಾರಿಗೆ ಬೇರೆ ಕೆಲಸವಿಲ್ಲದ್ದರಿಂದ ಆದಪ್ಪ ಬೇರೆಯವರ ಕಾರಿನ ಚಿಂತೆ ಮಾಡುತ್ತಿದ್ದ.

“ಗುಂಡಪ್ಪ, ನಾಣ್ಯಾ ನಿಲ್ಲಾಕ ಗೆರೀನ ಇಲ್ಲಲ್ಲೋ. ನಿನ್ನ ತಲಿಗೂ ಈ ಗಾಲಿಗೂ ಏನೂ ಫರಕಿಲ್ಲ ನೋಡು,” ಎಂದ ಆದಪ್ಪ. “ಈ ನೀಲಿ ಬಣ್ಣ ಏನಿದು?”

“ಗೇಟಿಗೆ ಬಣ್ಣ ಹಚ್ಚೋವಾಗ ಚೆಲ್ಲೇತಿ. ಗಾಲಿ ಬಿಡು, ಏಳು ಮ್ಯಾಕ!”

“ಸಿಟ್ಟ್ಯಾಕ ಮಾಡ್ತಿ? ಗಾಳಿ ಜರಾ ಕಡಿಮಿ ಮಾಡಿಸಿದ್ರ ನೆಲಾ ಗಟ್ಟಿ ಹಿಡೀತೈತಿ.”

ಎದುರುಮನೆಯ ಶಂಶಾದ್‌ಬೀ ಕಸಬರಿಗೆ ಹಿಡಿದೇ ಬಂದಳು. “ಗುಂಡಪ್ಪಣ್ಣ, ಮಸ್ಕಿಯಾಗ ನಮ್ಮ ಅಕ್ಕನ ಮಗಂದು ಟೈರಿನ ದುಕಾನ್ ಐತಿ. ನನ್ನ ಹೆಸರು ಹೇಳು, ಅರ್ಧಾ ರೇಟಿಗೆ ಕೊಡ್ತಾನ.”

ಕಟ್ಟೆಯ ಮೇಲೆ ಹಬ್ಬಕ್ಕೆಂದು ಹುರಿದ ಜೋಳದ ಅಳ್ಳು ಹಸನು ಮಾಡುತ್ತಿದ್ದ ತಾಯಿ ಯಮನಮ್ಮ ತಲೆಯೆತ್ತಿದಳು. ಎಂಬತ್ತರ ಮುದುಕಿ, ಗಂಡ ಬದುಕಿರುವಾಗ ಮನೆಯಲ್ಲಿ ಮೂರು ಎತ್ತಿನ ಬಂಡಿಗಳಿದ್ದವು. “ಮಗಾ, ಗಾಲಿ ಯಾಕ ಬದಲಸ್ತಿ? ಇನ್ನಾ ದುಂಡಗ ಅದಾವಲ್ಲ?”

ಅಮರಗುಂಡಪ್ಪ ಕಾರು ಹತ್ತಿ ಬಾಗಿಲು ದಡಾರನೆ ಎಳೆದುಕೊಂಡ. ತಿರುಗಿ ನೋಡಿದರೆ ಆಚೆಯ ಬಾಗಿಲಿನಿಂದ ಆದಪ್ಪ ಒಳಗೆ ಕೂತಾಗಿತ್ತು. “ನಡಿ, ನಿನಗ ಟೈರಿನ್ಯಾಗ ಏನ್ ತಿಳೀತೈತಿ?” ಎಂದ.

ಮೊದಲು ಹೋದದ್ದು ಊರಿನ ಗಾಜಿನ ಬಾಗಿಲಿನ ಟೈರಿನ ಅಂಗಡಿಗೆ. ಒಳಗೆ ತಣ್ಣಗಿತ್ತು; ಟೈರುಗಳನ್ನು ಸೀರೆಯಂಗಡಿಯಲ್ಲಿ ಸೀರೆ ಜೋಡಿಸಿದ ಹಾಗೆ ಜೋಡಿಸಿದ್ದರು. ಟೈ ಕಟ್ಟಿದ ಮನುಷ್ಯ ನಗುತ್ತಾ, “ಸರ್, ನಿಮಗೆ ಆರಾಮ ಬೇಕಾ, ಸ್ಪೀಡ್ ಬೇಕಾ, ಮೈಲೇಜ್ ಬೇಕಾ?” ಎಂದ.

“ನಿಲ್ಲೋದು ಬೇಕು!” ಎಂದು ಅಮರಗುಂಡಪ್ಪ ಗುಡುಗಿದ. “ಮಳ್ಯಾಗ ಬ್ರೇಕ್ ಹಾಕಿದ್ರ ನಿಲ್ಲಬೇಕು. ಅಷ್ಟಾ.”

ಅಂಗಡಿಯವನು ತೋರಿಸಿದ ಟೈರು ಮಳೆಯಲ್ಲಿ ನಿಲ್ಲುತ್ತಿತ್ತೋ ಏನೋ, ಬೆಲೆ ಕೇಳಿ ಅಮರಗುಂಡಪ್ಪನೇ ನಿಲ್ಲಲಾಗದೆ ಸ್ಟೂಲು ಹಿಡಿದುಕೊಂಡ. ನಾಲ್ಕಕ್ಕೆ ಇಪ್ಪತ್ತಾರು ಸಾವಿರ. ಅವನ ಕಿಸೆಯಲ್ಲಿದ್ದದ್ದು ಹದಿನೈದು. ಅದರಲ್ಲೂ ಮೂರು ಸಾವಿರ ಮಗಳ ಸೀರೆಗೆಂದು ನಾಗವೇಣಿ ತೆಗೆದಿಟ್ಟದ್ದು.

“ಎರಡಾ ಹಾಕಿಸಿಬಿಡು,” ಎಂದ ಆದಪ್ಪ ಹಿಂದಿನಿಂದ. “ಎತ್ತಿನ ಬಂಡಿಗೆ ಎರಡಾ ಗಾಲಿ ಅಲ್ಲೇನು?”

“ಹಿಂದಿನವು ಜಾರಿದ್ರ ಗಾಡಿ ಮತ್ತ ಹಿಂದ ತಿರಗತೈತಿ! ಮತ್ತ ಬೀಗರು ಕೇಳಬೇಕೇನು, ವಾಪಸ್ ಹೊಂಟ್ರೆಲ್ರೀ ಅಂತ?” ಅಮರಗುಂಡಪ್ಪನ ಧ್ವನಿಗೆ ಅಂಗಡಿಯವರೆಲ್ಲ ತಿರುಗಿ ನೋಡಿದರು. ಆದಪ್ಪ ಮಾತ್ರ ಪುಕ್ಕಟೆ ಇಟ್ಟಿದ್ದ ಚಹಾ ಕುಡಿದು ಮುಗಿಸಿದ.

ಅಗ್ಗದ ಆಸೆ ಯಾರನ್ನು ಬಿಟ್ಟಿದೆ? ಬೋಳು ಗಾಲಿಯ ಮೇಲೆಯೇ ಮಸ್ಕಿಯ ದಾರಿ ಹಿಡಿದರು. ತುಂತುರು ಬಿದ್ದಲ್ಲೆಲ್ಲ ಅಮರಗುಂಡಪ್ಪ ಉಸಿರು ಬಿಗಿ ಹಿಡಿದು ನಡೆಸಿದ. ಟ್ರ್ಯಾಕ್ಟರು ಕಂಡರೆ ಅದರ ಡ್ರೈವರನನ್ನೂ, ಅವನ ಮಾಲೀಕನನ್ನೂ, ಕಾಲುವೆಗೆ ನೀರು ಬಿಟ್ಟವರನ್ನೂ ಬೈದ. ಶಂಶಾದ್‌ಬೀಯ ಅಕ್ಕನ ಮಗನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ ಇತ್ತು. ನಾಲ್ಕಕ್ಕೆ ಆರು ಸಾವಿರವಂತೆ. ಟೈರುಗಳು ಕಾಡಿಗೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದ್ದವು.

“ಒಂದ್ ನಂಬರ್ ಮಾಲು,” ಎಂದ ಅವನು. “ನಮ್ಮ ಶಂಶಾದ್ ಖಾಲಾ ಕಳಸ್ಯಾರಂದ್ರ ಮನಿ ಮಂದಿ ಇದ್ದಂಗ.”

ಅಮರಗುಂಡಪ್ಪ ಉಗುರಿನಿಂದ ಕೆರೆದ. ಮಿಂಚು ಉಗುರಿಗೆ ಬಂತು, ಒಳಗೆ ಹಳೆಯ ಟೈರಿನ ಬಿಳಿಚಿದ ಮೈ ಕಾಣಿಸಿತು. ಸವೆದ ಟೈರಿಗೆ ಮೇಲೊಂದು ರಬ್ಬರು ಪಟ್ಟಿ ಅಂಟಿಸಿ ಪಾಲಿಶ್ ಬಳಿದಿದ್ದರು. ಅವನ ಸಿಟ್ಟು ನೆತ್ತಿಗೇರಿತು.

“ಏ! ಹೆಣ್ಮಗಳನ್ನ ಕುಂದರಿಸಿಕೊಂಡ ಬರೋ ಗಾಡಿ ಇದು! ಹಾದ್ಯಾಗ ಪಟ್ಟಿ ಕಿತ್ತಿ ಬಂದ್ರ ಯಾರು ಜವಾಬ್ದಾರಿ? ನೀನೋ, ನಿಮ್ಮ ಖಾಲಾನೋ?”

“ಕಿತ್ತಿ ಬಂದ್ರ ತಗೊಂಡ ಬರ್ರಿ ಸಾಹುಕಾರ್ರ, ಫುಕಟ್ ಅಂಟಿಸಿ ಕೊಡ್ತೀನಿ,” ಎಂದ ಅವನು, ಒಂದಿಷ್ಟೂ ನಾಚದೆ.

ಅಮರಗುಂಡಪ್ಪ ಬೈಯುತ್ತಲೇ ಕಾರು ಹತ್ತಿದ. ಆದಪ್ಪ ಮಾತ್ರ ಎರಡು ನಿಮಿಷ ತಡವಾಗಿ ಬಂದ. ಕೈಯಲ್ಲಿ ಪಾಲಿಶಿನ ಒಂದು ಸಣ್ಣ ಬಾಟಲಿ ಇತ್ತು. ಯಾಕೆ ಎಂದು ಕೇಳಿದ್ದಕ್ಕೆ, “ಚಪ್ಪಲಿಗೂ ಬರ್ತೈತಂತ,” ಎಂದ.

ಮತ್ತೆ ಸಿಂಧನೂರಿಗೆ ಬಂದಾಗ ಹನ್ನೊಂದು ಹೊಡೆದಿತ್ತು. ಅಷ್ಟರಲ್ಲಿ ನಾಗವೇಣಿ ನಾಲ್ಕು ಸಲ ಫೋನು ಮಾಡಿದ್ದಳು. ಬೀಗರು ಒಂದು ಸಲ. ಕೊನೆಗೆ ಕಾಲುವೆ ರಸ್ತೆಯಲ್ಲಿದ್ದ ಹುಲಿಗೇಶನ ತಗಡು ಹೊದಿಸಿದ ಟೈರಿನ ಅಂಗಡಿಯ ಮುಂದೆ ಕಾರು ನಿಂತಿತು. ಹುಲಿಗೇಶ ಅಮರಗುಂಡಪ್ಪನಿಗಿಂತಲೂ ಸಿಡುಕಿನ ಆಸಾಮಿ. ನಮಸ್ಕಾರವೂ ಇಲ್ಲ, ನಗುವೂ ಇಲ್ಲ.

“ಯಾವ ಕಂಪನಿ ಚೊಲೋ?” ಎಂದು ಆದಪ್ಪ ಶುರು ಮಾಡಿದ.

“ಹೆಸರು ಕಟಗೊಂಡ ಏನ್ ಮಾಡ್ತೀರಿ? ಹೆಸರೇನ್ ಬ್ರೇಕ್ ಹಾಕ್ತೈತೇನು?” ಹುಲಿಗೇಶ ಒಂದು ಟೈರನ್ನು ಉರುಳಿಸಿಕೊಂಡು ಬಂದು ಅಮರಗುಂಡಪ್ಪನ ಮುಂದೆ ಕೆಡವಿದ. “ಇಲ್ಲಿ ನೋಡ್ರಿ. ಮೊದ್ಲ ನಿಮ್ಮ ಗಾಡಿ ಅಳತಿ, ಬರೋಬರಿ ಐತಿ. ಇಲ್ಲಿ ನಾಕು ಅಂಕಿ ಅದಾವಲ್ಲ, ಯಾವ ವಾರ, ಯಾವ ವರ್ಷ ಮಾಡ್ಯಾರ ಅಂತ. ಇದು ಹೋದ ತಿಂಗಳದ್ದು. ವರ್ಷಗಟ್ಟಲೆ ಗೋದಾಮಿನ್ಯಾಗ ಒಣಗಿದ ಟೈರು ಕಟ್ಟಿಗಿ ಆಗಿರ್ತೈತಿ, ಎಷ್ಟ ಗೆರಿ ಇದ್ರೂ ಜಾರತೈತಿ. ಆಮ್ಯಾಲೆ ಈ ಗೆರಿ ನೋಡ್ರಿ. ನಡುವ ಮೂರು ಉದ್ದಕ, ಬಾಜೂಕ ಸೊಟ್ಟಗ. ರಸ್ತಾದ ಮ್ಯಾಲಿನ ನೀರೆಲ್ಲ ಈ ಗೆರಿ ಕುಡದು ಹೊರಗ ಉಗುಳ್ತಾವು. ಆವಾಗ ರಬ್ಬರು ನೆಲಾ ಹಿಡೀತೈತಿ. ಗೆರಿ ಸವದ್ರ ನೀರು ಎಲ್ಲಿ ಹೋಗಬೇಕು? ಅದರ ಮ್ಯಾಲೆ ತೇಲ್ತೀರಿ.”

ಬೆಳಗಿನಿಂದ ಮೊದಲ ಸಲ ಯಾರೋ ಅರ್ಥವಾಗುವ ಮಾತಾಡಿದ್ದರು. ಅಮರಗುಂಡಪ್ಪ ಗೆರೆಯಲ್ಲಿ ಬೆರಳು ಇಟ್ಟು ನೋಡಿದ. ಬೆರಳು ಒಳಗೆ ಇಳಿಯಿತು. ನಾಲ್ಕಕ್ಕೆ ಹದಿನಾಲ್ಕು ಸಾವಿರ. ಸೀರೆಯ ದುಡ್ಡೂ ಹೋಯಿತು. ಹೋಗಲಿ, ಮಗಳು ಸುಖವಾಗಿ ಮನೆ ಮುಟ್ಟಿದರೆ ಅದೇ ಸೀರೆ ಎಂದುಕೊಂಡ.

“ಹಳೇವು ಏನ್ ಮಾಡ್ಲಿ?” ಎಂದ ಹುಲಿಗೇಶ.

“ಕಾಲುವಿಗೆ ಒಗಿ! ಅವನ್ನ ಕಂಡ್ರ ನನ್ನ ಮೈ ಉರೀತೈತಿ!”

ಹೊಸ ಗಾಲಿ ಹಾಕಿ ಮುಗಿಸಿದಾಗ ಆದಪ್ಪ ಕಾರು ಹತ್ತಲಿಲ್ಲ. “ನನಗ ಇಲ್ಲಿ ಜರಾ ಕೆಲಸ ಐತಿ. ನೀ ನಡಿ,” ಎಂದ. ಪೀಡೆ ತೊಲಗಿತೆಂದು ಅಮರಗುಂಡಪ್ಪ ತಿರುಗಿಯೂ ನೋಡದೆ ಹೊರಟ. ದಾರಿಯಲ್ಲಿ ಒಂದು ಹಸಿ ಜಾಗ ಹುಡುಕಿ ಬೇಕೆಂದೇ ಬ್ರೇಕು ಹಾಕಿದ. ಕಾರು ಇದ್ದಲ್ಲೇ ನೆಟ್ಟಂತೆ ನಿಂತಿತು. ಖುಷಿ ತಡೆಯಲಾಗದೆ ಇನ್ನೊಂದು ಸಲ ಹಾಕಿದ. ಹಿಂದಿನ ಆಟೋದವನು ಬೈದ. ಅಮರಗುಂಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಅದರ ಎರಡರಷ್ಟು ಬೈದು ಮುಂದೆ ಹೋದ.

ಅವನ ಮನೆಯ ಮುಂದೆ ನೆಲ ಸಮ. ಹತ್ತು ಮಾರು ದಾಟಿದರೆ ಓಣಿಯ ಸಿಮೆಂಟ್ ರಸ್ತೆ ಇಳಿಜಾರಾಗಿ ಹೋಗಿ ಎಡಕ್ಕೆ ತಿರುಗುತ್ತದೆ. ತಿರುಗದೆ ನೆಟ್ಟಗೆ ಹೋದರೆ ಅಯ್ಯಪ್ಪ ಎಂಬವರ ಗದ್ದೆ. ಮನೆಯ ಮುಂದೆ ಕಾರು ನಿಲ್ಲಿಸಿ, ಸೇರಿದ ಓಣಿಯ ಹೆಂಗಸರಿಗೆಲ್ಲ ಅಮರಗುಂಡಪ್ಪ ಭಾಷಣ ಮಾಡಿದ.

“ನೋಡ್ರಿ ಗೆರಿ! ಇವು ಸುಮ್ನ ಚಂದಕ ಕೊರದಿದ್ದಲ್ಲ. ಕುಡಿಯಾಕ! ಎಷ್ಟ್ ಹಾಕಿದ್ರೂ ಕುಡೀತಾವು!”

ಯಮನಮ್ಮ ಕಟ್ಟೆಯ ಮೇಲಿಂದ ಬಗ್ಗಿ ನೋಡಿ ತಲೆದೂಗಿದಳು.

“ಆತು, ಊರ ಧೂಳೆಲ್ಲ ಮೈಮ್ಯಾಲೆ ಐತಿ. ಹೋಗಿ ಜಳಕಾ ಮಾಡ್ರಿ, ಎರಡು ರೊಟ್ಟಿ ತಿನ್ರಿ,” ಎಂದಳು ನಾಗವೇಣಿ. ಅವನು ಒಳಗೆ ಹೋದ. ಅರ್ಧ ಗಂಟೆಯಲ್ಲಿ ಬಿಳಿ ಅಂಗಿ ತೊಟ್ಟು ಹೊರಗೆ ಬಂದಾಗ ಗಾಲಿಗಳಿಗೆ ಕುಂಕುಮ ಹಚ್ಚಿತ್ತು, ಮುಂದೆ ಎರಡು ನಿಂಬೆಹಣ್ಣು ಇಟ್ಟಿತ್ತು. ಟೈರುಗಳು ಅಂಗಡಿಯಲ್ಲಿದ್ದದ್ದಕ್ಕಿಂತ ಚೆನ್ನಾಗಿ ಹೊಳೆಯುತ್ತಿದ್ದವು. ಹೊಸದಲ್ಲವೇ ಎಂದುಕೊಂಡ. ಸಣ್ಣಗೆ ಜಿಟಿಜಿಟಿ ಮಳೆ ಶುರುವಾಗಿತ್ತು.

“ಬರ್ಲಿ ಮಳಿ! ಈಗ ಬರ್ಲಿ!” ಎಂದು ಮುಗಿಲಿಗೆ ಸವಾಲು ಹಾಕಿ ಕಾರು ಹತ್ತಿದ.

ನಾಗವೇಣಿ ಕುಂಕುಮದ ಭರಣಿ ಮರೆತೆನೆಂದು ಒಳಗೆ ಓಡಿದಳು. ಅವಳು ಬರುವಷ್ಟರಲ್ಲಿ ಕಾರನ್ನು ಸ್ವಲ್ಪ ಮುಂದಕ್ಕೆ ತಂದಿಡೋಣವೆಂದು ಅಮರಗುಂಡಪ್ಪ ನಿಂಬೆಹಣ್ಣು ಹಾಯಿಸಿ ಹೊರಟ. ಇಳಿಜಾರಿನ ತಲೆಗೆ ಬಂದು ಬ್ರೇಕು ಒತ್ತಿದ.

ಕಾರು ನಿಲ್ಲಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಗಾಲಿ ತಿರುಗುವುದು ನಿಂತಿತು, ಕಾರು ಮಾತ್ರ ನಿಲ್ಲದೆ ಹೋಗುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ಎಳೆದ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಕಾರು ಎಡಕ್ಕೆ ಮುಖ ಮಾಡಿಕೊಂಡು ನೆಟ್ಟಗೇ ಜಾರಿತು. ಅವಸರವೇನೂ ಇರಲಿಲ್ಲ ಅದಕ್ಕೆ. ಓಣಿಯ ಜನ ಪಕ್ಕದಲ್ಲಿ ನಡೆಯುತ್ತಲೇ ಸಲಹೆ ಕೊಡುವಷ್ಟು ಪುರಸೊತ್ತು ಇತ್ತು.

“ಗುಂಡಪ್ಪಣ್ಣ, ಬ್ರೇಕ್ ಹಾಕು!” ಎಂದಳು ಶಂಶಾದ್‌ಬೀ.

“ಹಾಕೀನಿ! ಹಾಕೀನಿ! ಕಣ್ಣಿಲ್ಲೇನು ನಿಮಗ!”

ಆ ಮಾತು ಮುಗಿಯುವುದರೊಳಗೆ ಕಾರು ಮೆಲ್ಲಗೆ ಗದ್ದೆಗೆ ಇಳಿದು, ಅಂದು ಮುಂಜಾನೆಯಷ್ಟೇ ಹದ ಮಾಡಿದ್ದ ಕೆಸರಿನಲ್ಲಿ ಮೂತಿ ಊರಿ ಮುಂದಿನ ಬಾಗಿಲಿನವರೆಗೂ ಕೂತಿತು. ಅಮರಗುಂಡಪ್ಪ ಕಿಟಕಿಯಿಂದ ಹೊರಬಂದ. ಎದೆಯವರೆಗೆ ಕೆಸರು. ಬಿಳಿ ಅಂಗಿಯ ಕಾಲರು ಮಾತ್ರ ಬಿಳಿಯಾಗಿ ಉಳಿದಿತ್ತು.

“ಹುಲಿಗೇಶನ್ನ ಕೊಲ್ತೀನಿ!” ಎಂದು ಅವನು ಕಿರುಚಿದ. “ಹದಿನಾಲ್ಕು ಸಾವಿರ! ನೀರು ಕುಡೀತಾವಂತ! ನನ್ನ ರಕ್ತಾ ಕುಡಿದಾವು!” ಬಗ್ಗಿ, ಕೆಸರಿನ ಹೊರಗೆ ಎದ್ದುಕೊಂಡಿದ್ದ ಹಿಂದಿನ ಗಾಲಿಯ ಮೇಲೆ ಕೈಯಿಟ್ಟ. ಕೈ ಸರ್ರನೆ ಜಾರಿತು. ಮೂಸಿ ನೋಡಿದ. ಔಡಲೆಣ್ಣೆಯ ವಾಸನೆ.

ಯಮನಮ್ಮ ಕೋಲೂರುತ್ತ ಗದ್ದೆಯ ಬದುವಿಗೆ ಬಂದಳು. ಇನ್ನೊಂದು ಕೈಯಲ್ಲಿ ಕರ್ರಗಿನ ಡಬ್ಬಿ ಇತ್ತು.

“ಯವ್ವಾ, ಏನ್ ಮಾಡಿದಿ ಬೇ?”

“ಕೀಲೆಣ್ಣಿ ಹಚ್ಚೀನಪ್ಪ,” ಎಂದಳು ಮುದುಕಿ. “ನಿಮ್ಮಪ್ಪನ ಕಾಲದಾಗ ಹೊಸ ಗಾಲಿ ಕೀಲೆಣ್ಣಿ ಇಲ್ಲದ ಹೊಸ್ತಿಲಾ ದಾಟ್ತಿದ್ದಿಲ್ಲ. ಬಂಡೀದಾದ್ರ ಅಚ್ಚಿಗೆ ಹಚ್ಚಬೌದು. ಇದರದು ಅಚ್ಚು ಎಲ್ಲೈತೋ ನನಗ ಕಾಣಲಿಲ್ಲ. ಆದ್ರ ಗೆರಿ ಇದ್ದುವಲ್ಲ, ಕುಡಿಯಾಕ ಅಂತ ನೀನಾ ಹೇಳಿದಿ. ಗೆರಿಗೆ ಹಾಕಿದೆ. ಖರೇವ ಕುಡದ್ವು ನೋಡು, ಎರಡು ಸೇರು!”

“ಗಾಲಿ ಕೆಳಗಿಂದು? ನೆಲಕ್ಕಿದ್ದ ಭಾಗಕ್ಕ ಹೆಂಗ ಹಚ್ಚಿದಿ?”

“ನಾವು ನಾಕು ಮಂದಿ ಗಾಡಿ ಜರಾ ದಬ್ಬಿಕೊಟ್ವಿ ಗುಂಡಪ್ಪಣ್ಣ,” ಎಂದಳು ಶಂಶಾದ್‌ಬೀ, ಪುಣ್ಯದ ಕೆಲಸ ಮಾಡಿದವಳ ಹಾಗೆ. “ಅರ್ಧಾ ಬಿಡಬಾರ್ದಲ್ಲ.”

ಯಮನಮ್ಮ ಕಾರನ್ನು ನೋಡಿ ಮರುಗಿದಳು. “ಎಣ್ಣಿ ಸಾಲಲಿಲ್ಲ ಅಂತ ಕಾಣ್ತೈತಿ.”

ಅಮರಗುಂಡಪ್ಪನ ಬಾಯಿಗೆ ಬಂದದ್ದನ್ನು ತಾಯಿಗೆ ಹೇಳುವಂತಿರಲಿಲ್ಲ. ಅದನ್ನೆಲ್ಲ ಅಯ್ಯಪ್ಪನ ಗದ್ದೆಗೆ ಹೇಳಿದ. ಕಾರು ಎಳೆಯಲು ಟ್ರ್ಯಾಕ್ಟರು ಕೇಳಿದರೆ, ಹಬ್ಬ ಮುಗಿಯುವವರೆಗೆ ಡ್ರೈವರು ಬರುವುದಿಲ್ಲವೆಂದರು. ಬಾಡಿಗೆ ಗಾಡಿಗಳೆಲ್ಲ ಬೇರೆಯವರ ಹೆಣ್ಣುಮಕ್ಕಳನ್ನು ಕರೆತರಲು ಹೋಗಿದ್ದವು. ಎರಡು ಗಂಟೆ ಆಗುತ್ತ ಬಂದಿತ್ತು. ನಾಗವೇಣಿ ಉಂಡಿಯ ಡಬ್ಬಿ ಎದೆಗವಚಿಕೊಂಡು ಇಳಿಜಾರಿನ ಮೇಲೆ ನಿಂತು ಕಣ್ಣೊರೆಸಿಕೊಂಡಳು. ಅದನ್ನು ನೋಡಿ ಅವನ ಸಿಟ್ಟು ಒಂದು ಗಳಿಗೆ ಇಳಿದು ದುಃಖವೇ ಬಂತು.

ಆಗ ಮೇಲಿನಿಂದ ಹಾರ್ನು ಕೇಳಿಸಿತು. ತಾಡಪಾಲು ಕಿತ್ತೆಸೆದು ಆದಪ್ಪನ ಕಾರು ಓಣಿಗೆ ಬಂದಿತ್ತು. ಮೈಯೆಲ್ಲ ತುಕ್ಕು, ಆದರೆ ನಾಲ್ಕೂ ಗಾಲಿ ಮಿರಮಿರ.

“ಹತ್ತವಾ ತಂಗಿ,” ಎಂದ ಆದಪ್ಪ. “ನಿಮ್ಮ ಮಗಳು ಬ್ಯಾರೆ ಅಲ್ಲ, ನಮ್ಮ ಮಗಳು ಬ್ಯಾರೆ ಅಲ್ಲ. ಲಿಂಗಸುಗೂರಿಗೆ ಹೋಗಿ ಬರೂನು. ನಾನೂ ಇವತ್ತ ಗಾಲಿ ಹಾಕಸೀನಿ.”

“ನಾನೂ ಬರ್ತೀನಿ,” ಎಂದು ಅಮರಗುಂಡಪ್ಪ ಗದ್ದೆಯಿಂದ ಕಾಲೆಳೆದುಕೊಂಡು ಬಂದ.

ನಾಗವೇಣಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಈ ಅವತಾರದಾಗ ಬೀಗರ ಮನೀಗೆ? ಸೀಟೆಲ್ಲ ಹೊಲಸಾಗ್ತಾವು. ಮತ್ತ ಜಳಕಾ ಮಾಡೋತನಾ ಕಾಯಾಕ ವ್ಯಾಳೆ ಇಲ್ಲ. ನೀವು ಗಾಡಿ ಕಾಯ್ರಿ.” ಬಾಗಿಲು ಹಾಕಿಕೊಂಡಳು, ಗಾಜನ್ನೂ ಏರಿಸಿಕೊಂಡಳು.

ಕಾರು ಅವನ ಮುಂದೆಯೇ ಹಾದು ಇಳಿಜಾರು ಇಳಿದು, ಲಕ್ಷಣವಾಗಿ ಎಡಕ್ಕೆ ತಿರುಗಿತು. ತಿರುಗುವಾಗ ಹಿಂದಿನ ಎಡಗಾಲಿಯ ಮೇಲೆ, ಪಾಲಿಶಿನ ಅಡಿಯಿಂದ, ನೀಲಿ ಬಣ್ಣ ಇಣುಕಿತು.

“ಏಯ್! ಅವು ನನ್ನ ಗಾಲಿ! ಕಾಲುವಿಗೆ ಒಗಿ ಅಂದಿದ್ದು! ಇಳಿಯೇ ನಾಗೀ, ಅವು ಬೋಳು ಗಾಲಿ!” ಅಮರಗುಂಡಪ್ಪ ಹಿಂದೆ ಓಡಿದ. ತನ್ನದೇ ಕಾರು ಸುರಿಸಿ ಹೋಗಿದ್ದ ಎಣ್ಣೆಯ ಮೇಲೆ ಕಾಲಿಟ್ಟು ಧೊಪ್ಪನೆ ಬಿದ್ದ.

ಫೋನು ಮಾಡಿದರೆ ನಾಗವೇಣಿ ಎತ್ತಲಿಲ್ಲ. ಆದಪ್ಪ ಗಾಡಿ ನಡೆಸುವಾಗ ಫೋನು ಎತ್ತುವುದಿಲ್ಲವಂತೆ. ಅದೊಂದು ಶಿಸ್ತು ಬೇರೆ ಅವನಿಗೆ. ಮಧ್ಯಾಹ್ನವೆಲ್ಲ ಅಮರಗುಂಡಪ್ಪ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಬೈದ. ಬೈಗುಳದ ಅಡಿಯಲ್ಲಿ ಭಯವಿತ್ತು. ಮಳೆ ಜೋರಾದಾಗಲೆಲ್ಲ ಎದ್ದು ನಿಂತು ರಸ್ತೆ ನೋಡಿದ.

ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ಆದಪ್ಪನ ಕಾರು ಮನೆಯ ಮುಂದೆ ಬಂದು ನಿಂತಿತು. ಮಹೇಶ್ವರಿ ನಗುನಗುತ್ತ ಇಳಿದಳು. “ಅಪ್ಪಾ, ಆದಪ್ಪ ದೊಡ್ಡಪ್ಪ ಎಷ್ಟ್ ಚೊಲೋ ಗಾಡಿ ಹೊಡೀತಾರ! ಎತ್ತಿನ ಬಂಡಿ ಹೊಡದಂಗ, ನಿಧಾನಕ. ಒಂದು ಕಡಿಗೂ ಜಾರಲಿಲ್ಲ.”

ಅಮರಗುಂಡಪ್ಪ ಮಗಳ ತಲೆ ಸವರಿದ. ಸಿಟ್ಟೂ ಇತ್ತು, ಸಮಾಧಾನವೂ ಇತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

“ಬೀಗರ, ಮುಟ್ಟಿದ್ರಂತಲ್ರಿ,” ಎಂದರು ಸಿದ್ದರಾಮಪ್ಪ. “ನೀವು ಬರಲಿಲ್ಲ ಅಂತ ಬ್ಯಾಸರಾತು. ಆದ್ರ ಭಾಳ ಚೊಲೋ ಗಾಲಿ ಇರೋ ಗಾಡಿ ಕಳಸೀರಿ. ನಾ ನಿಂತು ನೋಡೀನಿ, ಏನ್ ಮಿಂಚ್ತಾವ್ರಿ! ನಿಮ್ಮ ಗಾಡಿಗೂ ಮೊದಲಾ ಇಂಥಾವು ಹಾಕಸಿದ್ರ ಗೊರೇಬಾಳದಾಗ ಹಂಗ್ಯಾಕ ಆಗ್ತಿತ್ತು? ನಾಳಿ ನಾನೂ ಹಬ್ಬಕ್ಕ ಬರ್ತೀನಿ. ಇದಾ ಗಾಡಿ ಕಳಸ್ರಿ. ನಿಮ್ಮದು ಬ್ಯಾಡ.”

ಅಮರಗುಂಡಪ್ಪ ಬಾಯಿ ತೆರೆದ. ಹೇಳಿದರೆ ಮಗಳನ್ನು ಬೋಳು ಗಾಲಿಯ ಮೇಲೆ ತರಿಸಿದವನಾಗುತ್ತಾನೆ. ಹೇಳದಿದ್ದರೆ ಬೀಗರೇ ನಾಳೆ ಅದರ ಮೇಲೆ ಕೂರುತ್ತಾರೆ. “ಆತ್ರೀ,” ಎಂದಷ್ಟೇ ಅಂದು ಫೋನು ಇಟ್ಟು, ಸಿಟ್ಟನ್ನೆಲ್ಲ ಹೊತ್ತುಕೊಂಡು ತಾಯಿಯ ಕಡೆ ತಿರುಗಿದ.

“ಯವ್ವಾ, ಊರ ಮಂದಿ ಗಾಲಿ ಎಲ್ಲಾ ಬಿಟ್ಟು ನನ್ನವಾ ಕಂಡ್ವೇನ ಬೇ ನಿನಗ? ಆದಪ್ಪನವಕ್ಕ ಯಾಕ ಹಚ್ಚಲಿಲ್ಲ?”

“ಅಂವಾ ಗಾಲಿ ಹಾಕಿಸೋವಾಗ ಹಚ್ಚಾಕ ಹೋಗಿದ್ದೆ ಮಗಾ,” ಎಂದಳು ಯಮನಮ್ಮ, ಡಬ್ಬಿಯನ್ನು ಬಟ್ಟೆಯಿಂದ ಒರೆಸುತ್ತ. “ಗೆರೀನ ಇಲ್ಲಲ್ಲೋ ಅವಕ್ಕ. ಎಣ್ಣಿ ಎಲ್ಲಿ ನಿಲ್ತೈತಿ ಅಂತ ಬಿಟ್ಟೆ.”